ಅಂಗಿಯ ಜೇಬಿನ ಸಂಬಳ

ಸಂಜೆ ಯಂತ್ರದ ಸದ್ದು ನಿಂತ ಕೂಡಲೇ, ರಟ್ಟಿನ ಡಬ್ಬಿ ಮಾಡುವ ಆ ಪುಟ್ಟ ಕಾರ್ಖಾನೆಯ ಒಡತಿ ಬಾಗಿಲಿಗೆ ಬಂದು ನಿಲ್ಲುವಳು. "ಎಲ್ಲಿ, ಕೈ ತೋರ್ಸಿ." ಅಂಟು ಹಚ್ಚುವ ಹೆಂಗಸರಿಬ್ಬರೂ ಅಂಗೈ ಚಾಚುವರು. ಗೀರು ಕಂಡರೆ ಮುಲಾಮು, ಇಲ್ಲದಿದ್ದರೆ "ಹೋಗಿಬನ್ನಿ." ಜ್ವರ ಬಂದ ದಿನವೂ ಅವಳು ಇದನ್ನು ತಪ್ಪಿಸಿದ್ದಿಲ್ಲ.

"ಅಕ್ಕ ದಿನಾ ಕೈ ನೋಡ್ತಾರೆ, ಭವಿಷ್ಯ ಮಾತ್ರ ಒಂದು ದಿನಾನೂ ಹೇಳಲ್ಲ," ಎಂದು ಅವರಲ್ಲಿ ಹಿರಿಯಳು ಗೇಲಿ ಮಾಡುವಳು.

ಭಾವ ಹೊರಡುವಾಗ ಮಾತ್ರ ಒಡತಿ ಕಣ್ಣು ತಗ್ಗಿಸಿ ದಾರಿ ಬಿಡುವಳು. ಗಂಡನ ಅಣ್ಣ, ತಂದೆಗೆ ಸಮಾನ. ಅಂಥವರಿಗೆ ಕೈ ತೋರಿಸಿ ಎನ್ನಲು ನಾಲಿಗೆ ಹೇಗೆ ಏಳಬೇಕು?

ಗಂಡ ತೀರಿಕೊಂಡ ಮೇಲೆ "ಒಬ್ಬಳೇ ಇದ್ದೀಯ, ನಾನು ಬಂದು ಸುಮ್ನೆ ಕೂತಿರ್ತೀನಿ" ಎಂದು ಬಂದವರು ಭಾವ. ಸುಮ್ಮನೆ ಕೂರುವುದು ಅವರ ಜಾಯಮಾನವಲ್ಲ. ಮೊದಲು ರಟ್ಟು ಎತ್ತಿಕೊಟ್ಟರು, ಆಮೇಲೆ ಬ್ಲೇಡಿಗೆ ಎಣ್ಣೆ ಹಾಕಿದರು, ನೋಡನೋಡುತ್ತ ಕತ್ತರಿಸುವ ಯಂತ್ರ ಅವರದೇ ಆಯಿತು. ಅವಳು ಹೇಳಿದ ಅಳತೆಗೆ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ. ಸಂಬಳವೆಂದು ಕೈಗೆ ಕೊಟ್ಟರೆ ಮನಸ್ಸಿಗೆ ನಾಟೀತು ಎಂದು, ತಿಂಗಳ ಕೊನೆಗೆ ಗೂಟಕ್ಕೆ ನೇತುಹಾಕಿದ ಅವರ ಅಂಗಿಯ ಜೇಬಿನಲ್ಲಿ ಹಣ ಇಟ್ಟುಬಿಡುವಳು. ಇವಳೂ ಹೇಳಲಿಲ್ಲ, ಅವರೂ ಕೇಳಲಿಲ್ಲ.

ಕೆಲಸದವರಿಗೆ ಪೆಟ್ಟಾದರೆ ಮಾಲೀಕರು ಕೊಡಬೇಕಾದ್ದನ್ನು ಕಟ್ಟಿಕೊಡುವ ವಿಮೆಯೊಂದಿದೆ. ಅದನ್ನು ಮಾಡಿಸಲು ಬಂದ ಏಜೆಂಟ್ "ಎಷ್ಟು ಜನ?" ಎಂದು ಕೇಳಿದ್ದ. ಅವಳು ಬಾಯಿ ತೆರೆಯುವ ಮೊದಲೇ ಭಾವ, "ಇಬ್ರು. ನಾನು ಮನೆಯವನಪ್ಪ, ಕೂಲಿಯಾಳಲ್ಲ," ಎಂದಿದ್ದರು. ಅವಳು ಹೂಂಗುಟ್ಟಿದ್ದಳು.

ಈಗ ಭಾವ ಆಸ್ಪತ್ರೆಯ ಮಂಚದ ಮೇಲೆ. ಬ್ಲೇಡು ತಗುಲಿದ್ದು ನಿನ್ನೆ ಮಧ್ಯಾಹ್ನ. ಬಟ್ಟೆ ಸುತ್ತಿ, ಕೈಯನ್ನು ಜೇಬಿಗಿಳಿಸಿಕೊಂಡು, ಸಂಜೆ ಅವಳ ಮುಂದೆಯೇ ಹಾದುಹೋಗಿದ್ದರು. ಅವಳು ಎಂದಿನಂತೆ ನೆಲ ನೋಡುತ್ತಿದ್ದಳು. ಬೆಳಿಗ್ಗೆ ಎರಡು ಬೆರಳು ಊದಿಕೊಂಡು, ಮಡಿಸಲಾಗದೆ ಹೋದಾಗಲೇ ಗುಟ್ಟು ರಟ್ಟಾದದ್ದು. ಬೇಗ ಆಪರೇಷನ್ ಆಗದಿದ್ದರೆ ಆ ಬೆರಳುಗಳನ್ನು ಮತ್ತೆ ಮಡಿಸಲಾಗದು ಎಂದರು ಡಾಕ್ಟರು. ಅದರ ಖರ್ಚು ಕಾರ್ಖಾನೆಯನ್ನೇ ನುಂಗುವಂಥದ್ದು.

ಅವಳು ಕಾಲು ಸುಟ್ಟ ಬೆಕ್ಕಿನಂತೆ ವರಾಂಡದಲ್ಲಿ ಸುತ್ತುತ್ತಿದ್ದಳು. ಬೆಂಚಿನ ಮೇಲೆ ಕೂರುವಳು, ಏಳುವಳು, ಕಿಟಕಿಯವರೆಗೆ ಹೋಗಿ ಏನು ನೋಡಲು ಬಂದೆನೆಂದು ಮರೆತು ಹಿಂತಿರುಗುವಳು. ತುಟಿಯ ಮೇಲೆ ದೇವರ ಹೆಸರು ಅರ್ಧಕ್ಕೆ ನಿಂತು ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು. ಅಷ್ಟರಲ್ಲಿ ಅವಳು ಕರೆಸಿದ್ದ ಏಜೆಂಟ್ ಏದುಸಿರು ಬಿಡುತ್ತ ಮೆಟ್ಟಿಲೇರಿ ಬಂದ.

"ಇದು ಹೆಸರು ಹಿಡಿದು ಮಾಡಿದ ವಿಮೆ ಅಲ್ಲಮ್ಮ. ನಿಮ್ಮ ಕೈಕೆಳಗೆ ಸಂಬಳಕ್ಕೆ ದುಡಿಯೋರು ಯಾರಾದ್ರೂ ಸರಿ. ಒಬ್ಬರನ್ನ ಲೆಕ್ಕದಿಂದ ಬಿಟ್ಟಿದ್ದಕ್ಕೆ ಕಂಪನಿಯವರು ನಾಲ್ಕು ಪ್ರಶ್ನೆ ಕೇಳ್ತಾರೆ, ಪ್ರೀಮಿಯಂ ಬಾಕಿ ಕಟ್ಟಿಸ್ಕೋತಾರೆ. ಅದಕ್ಕೆ ತಯಾರಿರಿ. ಸಂಬಳ ಕೊಡ್ತೀರಿ ತಾನೆ?"

"ಗೂಟದಲ್ಲಿರೋ ಅಂಗಿಯ ಜೇಬಿಗೆ ಹಾಕ್ತೀನಿ."

"ಏನು?" ಏಜೆಂಟ್ ಹಣೆ ಒರೆಸಿಕೊಂಡ. "ದುಡಿಮೆ ಭಾವಂದು, ಸಂಬಳ ಅಂಗಿಗೆ! ಇಪ್ಪತ್ತು ವರ್ಷದಲ್ಲಿ ಇಂಥದ್ದು ಕೇಳಿರ್ಲಿಲ್ಲ. ಇರ್ಲಿ. ನಾನು ಕೆಲಸದವನು ಅಂತ ಅವರೇ ಬಾಯಿಬಿಟ್ಟು ಹೇಳ್ಬೇಕು. ಹೇಳ್ತಾರಾ?"

 ಅವಳು ಬಾಗಿಲ ಹಿಡಿಯನ್ನು ಹಿಡಿದು, ಬಿಟ್ಟು, ಮತ್ತೆ ಹಿಡಿದು, ಕೊನೆಗೆ ಒಳಗೆ ಹೋದಳು.

ಭಾವ ಕೈಯನ್ನು ಹೊದಿಕೆಯಡಿ ಬಚ್ಚಿಟ್ಟಿದ್ದರು. "ಎಲ್ಲಾ ಕೇಳಿಸ್ತು. ಆ ಮನುಷ್ಯನಿಗೆ ಗಂಟಲು ತಮಟೆ ಇದ್ದಂಗಿದೆ. ನೋಡಮ್ಮ, ನೀನು ತಲೆಬಿಸಿ ಮಾಡ್ಕೋಬೇಡ. ಮನೆ ಬಾಗಿಲಿಗೆ ಕೈ ಸಿಕ್ಕಿಕೊಳ್ತು ಅಂದ್ಬಿಡ್ತೀನಿ. ನಿನಗೆ ವಿಚಾರಣೆ ಇಲ್ಲ, ಕಾರ್ಖಾನೆಗೆ ಕೆಟ್ಟ ಹೆಸರಿಲ್ಲ. ಆಪರೇಷನ್ನೂ ಬೇಡ. ಈ ವಯಸ್ಸಲ್ಲಿ ನಾನೇನು ಕೊಳಲು ನುಡಿಸ್ಬೇಕಾ?"

ಆ ಮಾತಿನಲ್ಲಿ ಅವಳ ಮೇಲಿನ ಅಕ್ಕರೆಯೂ ಇತ್ತು, ಕೂಲಿಯಾಳು ಎನಿಸಿಕೊಳ್ಳದೆ ಪಾರಾಗುವ ದಾರಿಯೂ ಇತ್ತು. ತಾನು ತಲೆಯಾಡಿಸಿದರೆ ಎಲ್ಲ ಸಲೀಸು, ಬೆರಳುಗಳೊಂದು ಬಿಟ್ಟು.

"ಭಾವ," ಎಂದಳು. "ನೀವು ಬೆಳಿಗ್ಗೆ ಬರ್ತೀರಿ. ನಾನು ಹೇಳಿದ ಅಳತೆಗೆ ಕತ್ತರಿಸ್ತೀರಿ. ತಿಂಗಳಿಗೊಂದು ಸಲ ನಿಮ್ಮ ಜೇಬು ತುಂಬುತ್ತೆ, ಅದನ್ನ ಇಲಿ ತಂದಿಡ್ತಿರಲಿಲ್ಲ. ನೀವು ನನ್ನ ಕೆಲಸದವರು."

ಭಾವ ಗೋಡೆಯ ಕಡೆ ಮುಖ ತಿರುಗಿಸಿದರು. ಅವಳು ನೆಲ ನೋಡಲಿಲ್ಲ.

"ಕೈ ತೋರ್ಸಿ."

ಮೆಲ್ಲಗೆ ಹೊದಿಕೆ ಸರಿಯಿತು. ಊದಿದ ಕೈ, ಅಂಟು ಹಚ್ಚುವ ಹೆಂಗಸರ ಕೈಗಳಂತೆಯೇ, ಅವಳ ಮುಂದೆ ಬಂತು.

"ಇನ್ಮೇಲೆ ದಿನಾ ಸಂಜೆ ನನ್ನ ಕೈನೂ ನೋಡ್ತೀಯಾ?"

"ಎಲ್ಲರಿಗಿಂತ ಮೊದಲು."

"ಆದ್ರೂ ಬಾಗಿಲು ಅಂದ್ಬಿಟ್ರೆ ನೀನು ಹಗುರಾಗ್ತಿದ್ದೆ ಕಣಮ್ಮ. ನಿನಗೋಸ್ಕರ ಅಷ್ಟೂ ಮಾಡ್ಬಾರ್ದಾ?"

"ಬೇಡ ಭಾವ," ಎಂದಳು ಅವಳು, ಆ ಕೈಯನ್ನು ಬಿಡದೆಯೇ ಏಜೆಂಟನನ್ನು ಒಳಗೆ ಕರೆದಳು.