ವಾಟ ಕೊಟ್ಟ ನೆಲ

ಹಿಂದೂಪುರದ ನಮ್ಮ ಮನೆಯ ಬಚ್ಚಲಿಗೆ ನೆಲ ಹಾಕಿದವರು ನನ್ನ ಯಜಮಾನರೇ. ಅವರದು ಗಾರೆ ಕೆಲಸ. ಒಂದು ತೊಟ್ಟು ನೀರೂ ನಿಲ್ಲದೆ ಮೋರಿಗೆ ಹರಿಯುವಂತೆ ನೆಲವನ್ನು ಇಳಿಜಾರು ಮಾಡುವುದಕ್ಕೆ ಅವರು ‘ವಾಟ ಕೊಡೋದು’ ಅನ್ನುತ್ತಾರೆ. ತಾವು ಕೊಟ್ಟ ವಾಟದ ಬಗ್ಗೆ ಅವರಿಗೆ ಬಲು ಹೆಮ್ಮೆ.

ಹೋದ ವರ್ಷ ಅಲ್ಲೇ ವಾಷಿಂಗ್ ಮಷಿನ್ ತಂದಿಟ್ಟೆವು. ಬಟ್ಟೆ ಹಿಂಡುವ ಹೊತ್ತಿಗೆ ಅದು ಗಡಗಡ ಅದುರುತ್ತಾ ಬಾಗಿಲ ತನಕ ಬಂದುಬಿಡುತ್ತಿತ್ತು.

“ಮಿಷನ್ನೇ ಸರಿಯಿಲ್ಲ, ವಾಪಸ್ ಕೊಟ್ಬುಡಾಣ,” ಎಂದರು ಯಜಮಾನರು.

ನಾನು ರೇಗಿ ರಿಪೇರಿಯವನನ್ನು ಕರೆಸಿದೆ. ಅವನು ಮಷಿನ್ ಬಿಚ್ಚಲೇ ಇಲ್ಲ. ಯಜಮಾನರು ನೆಲದ ಮಟ್ಟ ನೋಡಲು ಬಳಸುವ ರಸಮಟ್ಟವನ್ನೇ ಕೇಳಿ ತೆಗೆದುಕೊಂಡು ಮಷಿನ್ ಮೇಲಿಟ್ಟ. ಗಾಜಿನೊಳಗಿನ ಗುಳ್ಳೆ ಒಂದು ಪಕ್ಕಕ್ಕೆ ಓಡಿತು.

“ಮಿಷನ್ ಬಾಗುಂದಿ,” ಎಂದು ತೆಲುಗಿನಲ್ಲಿ ಯಜಮಾನರಿಗೆ ಹೇಳಿ, ನನ್ನ ಕಡೆ ತಿರುಗಿದ. “ಚೆನ್ನಾಗೇ ಐತೆ ಕಣಮ್ಮ. ನೆಲ ವಾಟ ಐತೆ, ಅದೇನ್ ಮಾಡ್ತದೆ ಪಾಪ.”

ಯಜಮಾನರು ಮೋರಿ ಕಡೆಯ ಎರಡು ಕಾಲುಗಳ ಕೆಳಗೆ ಟೈಲ್ಸ್ ಚೂರು ಕೊಟ್ಟು, ಗುಳ್ಳೆ ನಡುವೆ ನಿಲ್ಲುವ ತನಕ ಅಲ್ಲೇ ಕೂತರು. ಅವತ್ತು ಮಷಿನ್ ನಿಂತಲ್ಲೇ ನಿಂತು ಬಟ್ಟೆ ಹಿಂಡಿತು.

ಕಲ್ಯಾಣದುರ್ಗದಿಂದ ಸೊಸೆಯಾಗಿ ಈ ಮನೆಗೆ ಬಂದ ಹೊಸದರಲ್ಲಿ ನಾನೂ ಮಾತುಮಾತಿಗೆ ಸಿಡಿಯುತ್ತಿದ್ದೆ. ತವರಿನವರು ಸರಿಯಾಗಿ ಬೆಳೆಸಿಲ್ಲ ಎಂದರು ಎಲ್ಲರೂ. ವಾಪಸ್ ಕಳಿಸುವ ಮಾತೂ ಒಮ್ಮೆ ಬಂದಿತ್ತು.

ರಸಮಟ್ಟ ಆಗಲೂ ಇದೇ ಮನೆಯಲ್ಲಿತ್ತು.