ಉಡಿದಾರದ ಅಳತೆ

ನನ್ನ ಅತ್ತೆ ನನ್ನ ಜೊತೆ ನೇರವಾಗಿ ಮಾತಾಡುತ್ತಿರಲಿಲ್ಲ. ಔರಾದಿನ ಆ ಮನೆಯಲ್ಲಿ ಅಳಿಯನ ಎದುರಿಗೆ ಅತ್ತೆ ಬಾಯಿ ಬಿಡುವುದು ಮರ್ಯಾದೆಯಲ್ಲ. ಹಾಗಂತ ಅವರು ಸುಮ್ಮನಿರುತ್ತಿದ್ದರು ಅಂದುಕೊಳ್ಳಬೇಡಿ. ತಲೆಯ ಮೇಲೆ ಸೆರಗು ಎಳೆದುಕೊಂಡು, ಬಾಗಿಲ ಹಿಂದೆ ನಿಂತು, ಕಂಬಕ್ಕೋ, ಕೂಸಿಗೋ, ಅಂಗಳದಲ್ಲಿ ಕಟ್ಟಿದ ಎಮ್ಮೆಗೋ ಹೇಳುವ ಹಾಗೆ ನನಗೆ ಹೇಳಬೇಕಾದದ್ದನ್ನೆಲ್ಲ ಹೇಳುತ್ತಿದ್ದರು. ಎಮ್ಮೆಗೆ ಹೇಳಿದ್ದು ನೇರ ಹೇಳಿದ್ದಕ್ಕಿಂತ ಹೆಚ್ಚು ನಾಟುತ್ತದೆ ಎಂಬುದು ನನ್ನ ಅನುಭವ.

ಆಗ ನಮ್ಮ ಜಿಲ್ಲೆ ಹೈದರಾಬಾದನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ನಾನು ಬೀದರಿನ ಕಚೇರಿಯಲ್ಲಿ ಕಾರಕೂನ. ಅಲ್ಲಿಯವರೆಗೆ ಉರ್ದುವಿನಲ್ಲೇ ಬರೆದವನಿಗೆ ಇನ್ನು ಮೇಲೆ ಕನ್ನಡದಲ್ಲಿ ಬರೆಯಿರಿ ಎಂದರೆ, ಕೈ ತಾನಾಗಿಯೇ ಹಾಳೆಯ ಬಲಗಡೆಗೆ ಹೋಗಿ ಕೂರುತ್ತಿತ್ತು. ನನಗೆ ಕೆಟ್ಟ ಕಾಲ ಬಂದ ಹೊತ್ತಿಗೆ ನನ್ನ ಹೆಂಡತಿಗೆ ಒಳ್ಳೆಯ ಕಾಲ ಬಂತು. ತೀರಿಹೋದ ನನ್ನ ಮಾವ ಅವಳಿಗೆ ಚಿಕ್ಕಂದಿನಲ್ಲಿ ಮನೆಯಲ್ಲೇ ಹಲಗೆ ಹಿಡಿಸಿ ಕನ್ನಡ ಕಲಿಸಿದ್ದರು. ಅದರಿಂದ ಏನು ಪ್ರಯೋಜನ ಎಂದು ಆಗ ಊರೆಲ್ಲ ನಕ್ಕಿತ್ತಂತೆ. ಈಗ ನೋಡಿದರೆ ಹೆಣ್ಣುಮಕ್ಕಳ ಶಾಲೆಗಳಿಗೆ ಕನ್ನಡ ಬಲ್ಲ ಶಿಕ್ಷಕಿಯರು ಬೇಕಾಗಿದ್ದರು. ಧಾರವಾಡದಲ್ಲಿ ಒಂದು ವರ್ಷ ಟ್ರೇನಿಂಗ್. ಮುಗಿಸಿ ಬಂದರೆ ನೌಕರಿ, ನಡುವೆ ಬಿಟ್ಟು ಬಂದರೆ ಏನೂ ಇಲ್ಲ.

ನಮಗೆ ಮೂವರು ಮಕ್ಕಳು. ಏಳು ವರ್ಷದ ಮಗಳು, ಐದರ ಮಗ, ಇನ್ನೂ ಎರಡು ತುಂಬದ ಸಣ್ಣಾಕೆ. ಇವರನ್ನು ಬಿಟ್ಟು ತಾಯಿಯಾದವಳು ಓದಲು ಹೋಗುವುದು ಅತ್ತೆಗೆ ಸುತರಾಂ ಒಪ್ಪಿಗೆ ಇರಲಿಲ್ಲ. ಮಗಳನ್ನು ಕಳಿಸಿಕೊಡಲು ಬೀದರಿಗೆ ಬಂದವರು, ಹೊರಡುವ ದಿನ ಬೆಳಿಗ್ಗೆ ಮೂವರ ಸೊಂಟಕ್ಕೂ ಹೊಸ ಕರಿ ಉಡಿದಾರ ಕಟ್ಟಿದರು. ದೊಡ್ಡ ಮಗಳಿಗೆ ಉಡಿದಾರ ಬಿಟ್ಟು ಎಷ್ಟೋ ದಿನವಾಗಿತ್ತು. ಅವಳು ನಾಚಿಕೊಂಡು ಅತ್ತಳು. ಆದರೂ ಬಿಡಲಿಲ್ಲ. ಕಟ್ಟಿ ಮುಗಿಸಿ ಗೋಡೆಗೆ ಹೇಳಿದರು:

"ಈ ಉಡದಾರ ಸಡ್ಲ ಆಗಬಾರ್ದು. ಸಡ್ಲ ಆತಂದ್ರ ಕೂಸುಗೋಳು ಬಡವಾಗ್ಯಾವಂತ ತಿಳಕೋತೇನಿ. ಅವತ್ತೇ ತಾರ ಕೊಟ್ಟು ಮಗಳಿಗಿ ಕರಸ್ತೇನಿ."

ನಮ್ಮ ಕಡೆ ಬಡವಾಗುವುದು ಎಂದರೆ ತೆಳ್ಳಗಾಗುವುದು, ತಾರ ಎಂದರೆ ಟೆಲಿಗ್ರಾಂ. ಹೆಂಡತಿ ನನ್ನ ಮುಖ ನೋಡಿದಳು. ಅಪ್ಪ ಕಲಿಸಿದ ಆ ಅಕ್ಷರದ ಮೇಲೆ ಅವಳು ಎಷ್ಟು ಆಸೆ ಇಟ್ಟುಕೊಂಡಿದ್ದಳು ಎಂದು ನನಗೆ ಗೊತ್ತಿತ್ತು. ನನ್ನ ಮಕ್ಕಳ ಸೊಂಟದಿಂದಾಗಿ ಅದು ಮಣ್ಣುಪಾಲಾಗಬಾರದೆಂದು ಅವತ್ತೇ ನಿಶ್ಚಯ ಮಾಡಿದೆ.

ವಾರದ ದಿನಗಳು ಹೇಗೋ ಕಳೆಯುತ್ತಿದ್ದವು. ಸಣ್ಣಾಕೆಯನ್ನು ಪಕ್ಕದ ಮನೆಯ ಖಾಲಾ ನೋಡಿಕೊಳ್ಳುತ್ತಿದ್ದರು. ಅವರು ಹಿರಿಯ ಹೆಂಗಸು, ಉರ್ದು ಬಿಟ್ಟು ಬೇರೆ ಭಾಷೆ ಆಡುತ್ತಿರಲಿಲ್ಲ, ಆದರೆ ನಮ್ಮ ಕೂಸು ಯಾವ ಭಾಷೆಯಲ್ಲಿ ಅತ್ತರೂ ಅವರಿಗೆ ಅರ್ಥವಾಗುತ್ತಿತ್ತು. ಕಷ್ಟ ಭಾನುವಾರದ್ದು. ಅವತ್ತು ನಾನು ಮನೆಯಲ್ಲಿದ್ದೇನೆಂದು ಓಣಿಯ ಹೆಂಗಸರೆಲ್ಲ ಬಂದು, "ಅಯ್ಯೋ ಪಾಪ" ಎಂದು ಮಕ್ಕಳ ಗಲ್ಲ ಸವರುವರು. ಅಲ್ಲಿಯವರೆಗೆ ಚೆನ್ನಾಗಿ ಆಡುತ್ತಿದ್ದ ಮಕ್ಕಳಿಗೆ ತಾವು ಪಾಪದವರೆಂದು ಆಗ ನೆನಪಾಗುತ್ತಿತ್ತು. ಮೂವರೂ ಒಟ್ಟಿಗೆ ಅಳಲು ಶುರು. ಅದಕ್ಕೇ ನಾನು ಭಾನುವಾರ ಬೆಳಗಾದರೆ ರೊಟ್ಟಿ ಕಟ್ಟಿಕೊಂಡು ಮಕ್ಕಳನ್ನು ಹೊರಗೆ ಎಳೆದುಕೊಂಡು ಹೋಗತೊಡಗಿದೆ.

ಕೋಟೆ ನೋಡಿದೆವು. ತೋಪಿನ ಬಾಯೊಳಗೆ ಮಗ ತಲೆ ತುರುಕಿದ. ತೆಗೆಯಲು ಕಾವಲುಗಾರ ಬರಬೇಕಾಯಿತು. ನರಸಿಂಹ ಝರಣಿಗೆ ಹೋದೆವು. ಎದೆಮಟ್ಟದ ನೀರಲ್ಲಿ ಒಂದು ಕೂಸು ಹೆಗಲ ಮೇಲೆ, ಒಂದು ಕಂಕುಳಲ್ಲಿ, ಒಂದು ಬೆನ್ನಿಗೆ ಜೋತು ಬಿದ್ದು, ಮೇಲೆ ಬಾವಲಿಗಳು ಚೀರುತ್ತಿದ್ದಾಗ, ದೇವರ ಮುಂದೆ ನಿಂತು ನಾನು ಕೇಳಿಕೊಂಡದ್ದು ವಾಪಸ್ ಹೊರಗೆ ಬಂದರೆ ಸಾಕು ಎಂದು. ಮಕ್ಕಳು ಮಾತ್ರ ಇನ್ನೊಮ್ಮೆ ಹೋಗೋಣ ಎಂದು ಹಟ ಹಿಡಿದವು.

ಹೀಗೆ ಕೆಲವು ತಿಂಗಳು ತಿರುಗುತ್ತಿರುವಾಗ ಭಾಲ್ಕಿಗೆ ರೈಲಿನಲ್ಲಿ ಹೋದದ್ದೇ ತಪ್ಪಾಯಿತು.

ಡಬ್ಬಿಯಲ್ಲಿ ಕೂತ ತಕ್ಷಣ ಎಲ್ಲರ ಕಣ್ಣೂ ನಮ್ಮ ಮೇಲೆ. ಗಂಡಸು ಒಬ್ಬನೇ, ಮೂರು ಸಣ್ಣ ಮಕ್ಕಳು, ನಾನು ಹಾಕಿದ ಜಡೆ ಮಗಳ ಕಿವಿಯ ಮೇಲೆ ಹೊರಳಿತ್ತು. ಹೆಂಡತಿ ಸತ್ತವನೆಂದು ಡಬ್ಬಿ ತಾನೇ ತೀರ್ಮಾನಿಸಿತು. ಒಬ್ಬಾಕೆ ಪೇರಲ ಹಣ್ಣು ಕೊಟ್ಟಳು, ಇನ್ನೊಬ್ಬಾಕೆ ಚುರುಮುರಿ. ಇದನ್ನು ನೋಡಿ ನನ್ನ ದೊಡ್ಡ ಮಗಳು ಒಂದು ನಿಟ್ಟುಸಿರು ಬಿಟ್ಟಳು. ತಕ್ಷಣ ಬೆಲ್ಲದ ಉಂಡಿ ಬಂತು. ಆಮೇಲೆ ಅವಳು ನಿಲ್ಲಿಸಲೇ ಇಲ್ಲ. ಭಾಲ್ಕಿ ಬರುವವರೆಗೆ ನಿಟ್ಟುಸಿರು ಬಿಟ್ಟು ಬಿಟ್ಟು ತಮ್ಮನ ಜೇಬನ್ನೂ ತುಂಬಿಸಿದಳು.

ಎದುರಿಗೆ ಕೂತ ರುಮಾಲಿನ ಮುದುಕ ನನ್ನ ಮೊಣಕಾಲು ತಟ್ಟಿದ. "ಕಮಲನಗರದಾಗ ನಮ್ಮ ಅಣ್ಣನ ಮಗಳು ಒಬ್ಬಾಕಿ ಅದಾಳ್ರಿ. ಕೂಸುಗೋಳಂದ್ರ ಜೀವ ಬಿಡ್ತಾಳ. ನೀವು ಹೂಂ ಅನ್ರಿ, ಮುಂದಿಂದು ನಾ ನೋಡ್ಕೋತೇನಿ."

ಅದೇ ಹೊತ್ತಿಗೆ ಮಗ ತೆರೆದ ಬಾಗಿಲ ಹತ್ತಿರ ನಿಂತು ಹೊರಗೆ ಬಾಗಿದ್ದ. ನಾನು ಎದ್ದು ಓಡಿ ಅವನ ಅಂಗಿ ಹಿಡಿಯುತ್ತ, ಹಿಂದೆ ಮಾತಾಡುತ್ತಿದ್ದವನ ಬಾಯಿ ಮುಚ್ಚಿಸಲು, "ಆತ್ರಿ, ಆತ್ರಿ, ಆಮ್ಯಾಲ ನೋಡೋಣು" ಎಂದೆ. ತಿರುಗಿ ಬಂದು ನೋಡಿದರೆ ಮುದುಕನ ಮುಖ ಅರಳಿತ್ತು. ನನ್ನ ಮಗಳ ಹತ್ತಿರ ಅಜ್ಜಿಯ ಊರು, ಮನೆ, ಎಲ್ಲ ಕೇಳಿ ತಿಳಿದುಕೊಂಡಿದ್ದ. ನಾನು ಬಾಯಿ ತೆರೆಯುವಷ್ಟರಲ್ಲಿ ಭಾಲ್ಕಿ ಬಂತು, ಗದ್ದಲದಲ್ಲಿ ಅವನು ಎತ್ತ ಹೋದನೋ ತಿಳಿಯಲಿಲ್ಲ. ಭಾಲ್ಕಿಯ ಕೋಟೆಯಲ್ಲಿ ಮಕ್ಕಳು ಕುಣಿದವು. ನಾನು ಮಾತ್ರ ರುಮಾಲು ಕಂಡಲ್ಲೆಲ್ಲ ತಿರುಗಿ ನೋಡುತ್ತಿದ್ದೆ.

ಕೆಲವೇ ದಿನಗಳಲ್ಲಿ ಔರಾದಿನ ಬಸ್ಸಿನ ಡ್ರೈವರ್ ಕಚೇರಿಗೇ ಬಂದ. "ನಿಮ್ಮ ಅತ್ತಿಯೋರು ಹೇಳಿ ಕಳಸ್ಯಾರ್ರಿ. ಬರೋ ಐತಾರ ಕೂಸುಗೋಳಿಗಿ ಕರ್ಕೊಂಡು ಬರ್ಬೇಕಂತ." ಸ್ವಲ್ಪ ತಡೆದು, ನಗು ನುಂಗಿಕೊಂಡು ಸೇರಿಸಿದ: "ಲಗ್ನ ಯಾವಾಗ್ರಿ?" ರುಮಾಲಿನ ಮುದುಕ ನೇರ ಅತ್ತೆಯ ಮನೆಗೇ ಹೋಗಿದ್ದನೆಂದು ಆಗ ತಿಳಿಯಿತು.

ಮನೆಗೆ ಹೋದವನೇ ಮಕ್ಕಳ ಅಂಗಿ ಎತ್ತಿ ನೋಡಿದೆ. ಸಣ್ಣಾಕೆಯದು ಸರಿಯಿತ್ತು, ಖಾಲಾ ಕೈಯ ಪುಣ್ಯ. ದೊಡ್ಡಾಕೆಯ ಉಡಿದಾರದೊಳಗೆ ನನ್ನ ಹೆಬ್ಬೆರಳು ಹೋಯಿತು. ಮಗನದು ಇಡೀ ಮುಷ್ಟಿ ಹಿಡಿಸುವಷ್ಟು ಜೋಲುತ್ತಿತ್ತು. ಹುಡುಗ ಉದ್ದ ಬೆಳೆದಿದ್ದ, ಹೊಟ್ಟೆ ಒಳಗೆ ಸೇರಿತ್ತು. ಬಿಚ್ಚಿ ಬಿಗಿ ಮಾಡೋಣವೆಂದರೆ ಅತ್ತೆ ಹಾಕಿದ ಗಂಟು ಮತ್ತೆ ಹಾಕಲು ಇನ್ನೊಬ್ಬರಿಗೆ ಬರುವಂಥದ್ದಲ್ಲ. ಖಾಲಾ ನನ್ನ ಒದ್ದಾಟ ನೋಡಿ ನಕ್ಕುಬಿಟ್ಟರು. "ಅರೇ ಭಾಯಿ, ನಾಪ್ನೇ ಕೇ ಪೈಲೇ ಪೇಟ್ ಭರ್ ದೇವ್." ಅಳೆಯುವ ಮೊದಲು ಹೊಟ್ಟೆ ತುಂಬಿಸಿಬಿಡು, ಅಷ್ಟೇ. ಕಚೇರಿಯ ಸಾಹೇಬರು ಯಾರೂ ನನಗೆ ಇಷ್ಟು ಒಳ್ಳೆಯ ಸಲಹೆ ಕೊಟ್ಟಿರಲಿಲ್ಲ.

ಭಾನುವಾರ ಬೀದರಿನ ಬಸ್ ನಿಲ್ದಾಣದಲ್ಲೇ ಕೆಲಸ ಶುರುವಾಯಿತು. ಬಾಳೆಹಣ್ಣು. ಆಮೇಲೆ ಜಿಲೇಬಿ. ಬಸ್ಸು ಹೊರಟ ಮೇಲೆ ಶೇಂಗಾ. ಕೆಂಪು ಧೂಳು ಕಿಟಕಿಯಿಂದ ನುಗ್ಗಿ ಮಕ್ಕಳ ಎಣ್ಣೆ ಹಚ್ಚಿದ ತಲೆಯ ಮೇಲೆಲ್ಲ ಕೂತಿತು. ಅದನ್ನು ಒರೆಸುವಷ್ಟು ಪುರುಸೊತ್ತು ನನಗಿರಲಿಲ್ಲ. ಸಂತಪುರದಲ್ಲಿ ಬಸ್ಸು ನಿಂತಾಗ ಬಿಸಿ ಭಜಿ ತಂದೆ.

"ಅಪ್ಪಾ, ಸಾಕು," ಎಂದಳು ದೊಡ್ಡಾಕೆ.

"ತಿನ್ನು. ನಿಮ್ಮವ್ವನ ನೌಕರಿ ಸಲುವಾಗಿ ತಿನ್ನು."

ಪಾಪ, ತಾಯಿಯ ಹೆಸರು ಹೇಳಿದ್ದಕ್ಕೆ ಕಣ್ಣು ಮುಚ್ಚಿ ತಿಂದಳು. ಮಗನಿಗೆ ಹೇಳುವುದೇ ಬೇಕಿರಲಿಲ್ಲ. ಅವನ ಹೊಟ್ಟೆ ಉಬ್ಬಿ, ಉಡಿದಾರ ಚರ್ಮಕ್ಕೆ ಕೂತಾಗ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಔರಾದ ಬಂತು. ಹುಡುಗ ಬಸ್ಸಿನಿಂದ ಇಳಿದ. ಎರಡು ಹೆಜ್ಜೆ ಹಾಕಿದ. ಬೀದರಿನಿಂದ ತುಂಬಿದ್ದನ್ನೆಲ್ಲ ಅಲ್ಲೇ ರಸ್ತೆಯ ಮೇಲೆ ಕಾರಿಕೊಂಡ. ನಾನು ತಲೆಯ ಮೇಲೆ ಕೈ ಹೊತ್ತು ನಿಂತೆ. ಆಮೇಲೆ ಬುದ್ಧಿ ಓಡಿಸಿ, ಹೋಟೆಲಿನಿಂದ ನೀರು ಕೇಳಿ ತಂದು, ಒಂದು ತಂಬಿಗೆ ಪೂರ್ತಿ ಕುಡಿಸಿದೆ.

ಅತ್ತೆ ತಯಾರಾಗಿಯೇ ಇದ್ದರು. ಸಣ್ಣಾಕೆ ನನ್ನ ಹೆಗಲ ಮೇಲೆ ನಿದ್ದೆ ಹೋಗಿದ್ದಳು. ಅವಳನ್ನು ಒಳಗೆ ಮಲಗಿಸಿದರು. ನಾನು ಪಡಸಾಲೆಯ ಕಂಬಕ್ಕೆ ಒರಗಿ ಕೂತೆ. ಬಾಗಿಲ ಆಚೆ ದೊಡ್ಡಾಕೆಯ ಅಂಗಿ ಮೇಲಕ್ಕೆ ಹೋಯಿತು.

"ಈಕಿಗಿ ಯಾರೋ ಗಾಳಿ ತುಂಬ್ಯಾರ," ಎಂದರು ಅತ್ತೆ, ಕಂಬಕ್ಕೆ.

ಮಗನ ಹೊಟ್ಟೆ ಒತ್ತಿದರು. ಅದು ಗುಳುಗುಳು ಎಂದಿತು. "ನಿಮ್ಮ ಅಪ್ಪಾರಿಗಿ ಕೇಳು, ನಿನಗ ಏನು ತಿನಸ್ಯಾರಂತ."

ಮಗ ನನ್ನನ್ನು ಕೇಳುವ ಗೋಜಿಗೇ ಹೋಗಲಿಲ್ಲ. "ಬಾಳಿಹಣ್ಣ, ಜಿಲೇಬಿ, ಶೇಂಗಾ, ಭಜಿ, ಆಮ್ಯಾಲ ವಾಂತಿ, ಆಮ್ಯಾಲ ನೀರು."

ಬಾಗಿಲ ಹಿಂದಿನಿಂದ ಅಂಗಳದ ಎಮ್ಮೆಗೆ ಪ್ರಶ್ನೆ ಹೋಯಿತು: "ಕಮಲನಗರದ ಹುಡುಗಿ ನೋಡ್ಲಾಕ ಛಲೋ ಅದಾಳಂತೇನು?"

ನಾನೂ ಎಮ್ಮೆಗೇ ಉತ್ತರ ಕೊಟ್ಟೆ. ರೈಲು, ಬಾಗಿಲು, ಮಗನ ಅಂಗಿ, ರುಮಾಲಿನ ಮುದುಕ, ಎಲ್ಲ ಹೇಳಿದೆ. ಎಮ್ಮೆ ನಂಬಿತೆಂದು ಕಾಣುತ್ತದೆ. ಅತ್ತೆ ನಂಬಿದರೋ ಇಲ್ಲವೋ ತಿಳಿಯಲಿಲ್ಲ.

"ಅದಿರ್ಲಿ. ಹುಡುಗನ ಉಡದಾರ ಜೋತಾಡ್ಲಾಕತ್ತದ. ಮುಂಜಾನಿ ತಾರ ಕೊಡ್ತೇನಿ."

ಧಾರವಾಡದಲ್ಲಿ ಟ್ರಂಕು ಕಟ್ಟುತ್ತಿರುವ ಹೆಂಡತಿ ಕಣ್ಣ ಮುಂದೆ ಬಂದಳು. ಇದ್ದ ಸಿಟ್ಟೆಲ್ಲ ಒಟ್ಟಿಗೆ ಬಂದು, ಕಂಬವನ್ನೇ ಗದರಿಸಿದೆ: "ಇನ್ನೊಂದು ಕೂಸಿಂದು ನೋಡಿಲ್ಲ. ಮೊದಲ ಅದು ನೋಡ್ರಿ."

ಅತ್ತೆ ಒಳಗೆ ಹೋದರು. ಮಲಗಿದ್ದ ಸಣ್ಣಾಕೆಯ ಮೇಲೆ ಬಾಗಿ ಉಡಿದಾರದೊಳಗೆ ಬೆರಳು ತೂರಿಸಿರಬೇಕು. ಕೂಸು ಎದ್ದ ಸದ್ದಾಯಿತು. "ಏಳು ನನ್ನ ಬಂಗಾರ," ಎಂದರು. ಅತ್ತೆಯದೂ ನನ್ನ ಹೆಂಡತಿಯದೂ ಒಂದೇ ದನಿ, ಒಂದೇ ಮೂಗು. ನಾನು ಬಾಗಿಲಿಗೆ ಬರುವಷ್ಟರಲ್ಲಿ ಕೂಸು ಅವರ ಕೊರಳಿಗೆ ಎರಡೂ ಕೈ ಹಾಕಿ ನಗುತ್ತಿತ್ತು.

"ಅವ್ವಾ!"

"ನಾ ಅವ್ವ ಅಲ್ಲ. ಆಯಿ. ಆಯಿ ಅನ್ನು." ಆಯಿ ಎಂದರೆ ನಮ್ಮಲ್ಲಿ ಅಜ್ಜಿ.

"ಅವ್ವಾ," ಎಂದು ಅವರ ಗಲ್ಲಕ್ಕೆ ಗಲ್ಲ ಹಚ್ಚಿತು.

ಮುಗಿಯಿತು ಅಂದುಕೊಂಡೆ. ತಾರ ಮುಂಜಾನೆಯವರೆಗೂ ಕಾಯುವುದಿಲ್ಲ. ಕೂಸಿಗೆ ತಾಯಿಯ ಮುಖವೇ ಮರೆತುಹೋಗಿದೆ ಎಂಬುದು ನನಗೂ ಆಗಲೇ ಗೊತ್ತಾದದ್ದು, ಅದರ ಸಂಕಟ ಬೇರೆ. ಅತ್ತೆ ಕೂಸನ್ನು ಎತ್ತಿಕೊಂಡು ಹೊಸ್ತಿಲು ದಾಟಿ ಪಡಸಾಲೆಗೆ ಬಂದರು. ಸೆರಗು ತಲೆಯಿಂದ ಜಾರಿತ್ತು. ನನ್ನ ಮುಖ ನೋಡಿ, ನನಗೇ ಹೇಳಿದರು:

"ಇದು ಆಕಿಗಿ ಹೇಳಬ್ಯಾಡ್ರಿ."

"ನಾಳಿ ತಾರ ಅಂದಿದ್ರಲ್ರಿ?" ಎಂದೆ.

"ಈಗ ಹ್ಯಾಂಗ ಕರಸ್ಲಿ? ಎಲ್ಲಾ ಬಿಟ್ಟು ಓಡಿ ಬರ್ತಾಳ. ಬಂದು ಕೈ ಚಾಚಿದ್ರ ಈ ಕೂಸು ನನ್ನ ಹಿಂದ ಅಡಗ್ತದ. ಓದೂ ಹೋತು, ಕೂಸೂ ಹೋತು ಅಂತಂದ್ರ ನನ್ನ ಮಗಳು ಬದುಕ್ಬೇಕೋ ಬ್ಯಾಡೋ?" ಕೂಸನ್ನು ಎದೆಗೆ ಒತ್ತಿಕೊಂಡರು. "ಮುಗಿಸ್ಕೊಂಡೇ ಬರ್ಲಿ. ಅಲ್ಲಿತನಾ ಇದಕ್ಕ ಅವ್ವ ಯಾರಂತ ನಾ ಹೇಳಿ ಕೊಡ್ತೇನಿ. ಬಸ್ಸು ಎಷ್ಟಕ್ಕದರಿ?"

ಮನೆ ನೋಡಿಕೊಳ್ಳಲು ಅತ್ತೆಯ ಮಗ ಸೊಸೆ ಇದ್ದರು. ಎರಡು ಸೀರೆ ಗಂಟು ಕಟ್ಟಿಕೊಂಡು, ಸೊಸೆಗೆ ಎಮ್ಮೆಯ ಹಿಂಡಿಯ ಬಗ್ಗೆ ತಾಕೀತು ಮಾಡಿ, ಸಂಜೆಯ ಬಸ್ಸಿಗೆ ಅತ್ತೆ ನಮ್ಮ ಜೊತೆ ಹೊರಟೇಬಿಟ್ಟರು.

ಬಸ್ಸು ತುಂಬಿತ್ತು. ಸಣ್ಣಾಕೆ ಅವರ ತೊಡೆ ಬಿಟ್ಟು ಇಳಿಯಲಿಲ್ಲ, ಅವ್ವಾ ಅವ್ವಾ ಎನ್ನುವುದನ್ನೂ ಬಿಡಲಿಲ್ಲ. ಪಕ್ಕದಲ್ಲಿ ಕೂತ ಎಕಂಬಾದ ಹೆಂಗಸು ಅತ್ತೆಯ ನೆರೆತ ಕೂದಲು ನೋಡಿದಳು, ಕೂಸನ್ನು ನೋಡಿದಳು, ಬಾಯಿಯ ಮೇಲೆ ಬೆರಳಿಟ್ಟಳು. "ಈ ವಯಸ್ಸಿನ್ಯಾಗ ಕೂಸೇನವ್ವಾ! ಇರ್ಲಿ ಬಿಡು, ದೇವರು ಕೊಟ್ಟಾನ." ಆಮೇಲೆ ನನ್ನ ಕಡೆ ತಿರುಗಿ, "ಇಂವ ಹಿರೇ ಮಗನಾ?" ಎಂದಳು.

ಇನ್ನೊಂದು ದಿನವಾಗಿದ್ದರೆ ಅತ್ತೆಯ ಬಾಯಿಯಿಂದ ಆ ಹೆಂಗಸನ್ನು ಯಾರೂ ಉಳಿಸಲು ಆಗುತ್ತಿರಲಿಲ್ಲ. ಅವತ್ತು ಅವರು ಇಡೀ ಬಸ್ಸಿಗೆ ಕೇಳಿಸುವ ಹಾಗೆ ಹೇಳಿದರು:

"ನನ್ನ ಕೂಸಲ್ಲವಾ. ನನ್ನ ಮಗಳ ಕೂಸು. ಆಕಿ ಧಾರವಾಡಕ ಓದ್ಲಾಕ ಹೋಗ್ಯಾಳ. ಮಾಸ್ತರ್ಣಿ ಆಗಿ ಬರ್ತಾಳ."

ಮುಂದಿನ ಸೀಟಿನವರು ಹಿಂದೆ ತಿರುಗಿ ನೋಡಿದರು. ನನಗೆ ಅಳು ಬಂತು. ಧೂಳೆಂದು ಹೇಳಿ ಕಣ್ಣೊರೆಸಿಕೊಂಡೆ. ಸಣ್ಣಾಕೆ ಅತ್ತೆಯ ಗದ್ದ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು.

"ಅವ್ವಾ," ಎಂದಳು, "ಅವ್ವ ಬರ್ತಾಳಾ?"

"ಬರ್ತಾಳ," ಎಂದರು ಅತ್ತೆ, ಆಯಿ ಅನ್ನು ಎಂದು ಈ ಸಲ ತಿದ್ದಲಿಲ್ಲ.