ಒಳಗೆ ಯಾರೂ ಇಲ್ಲ

ಕುದೂರಿನ ಹತ್ತಿರ ನಮ್ಮದು ರೇಷ್ಮೆ ಹುಳ ಸಾಕುವ ಮನೆ. ಹುಳ ಹಣ್ಣಾಗಿ ಗೂಡು ಕಟ್ಟುವುದರೊಳಗೆ ನಾಲ್ಕು ಸಲ ಪೊರೆ ಬಿಡುತ್ತದೆ; ಅದಕ್ಕೆ ನಾವು ಜ್ವರ ಅನ್ನುತ್ತೇವೆ. ಒಂದೇ ಸಮ ಸರಸರ ಸೊಪ್ಪು ಮೇಯುತ್ತಿದ್ದ ಸಾವಿರಾರು ಹುಳ ಜ್ವರ ಬಂದೊಡನೆ ತಲೆ ಎತ್ತಿ ನಿಂತುಬಿಡುತ್ತವೆ. ಮದುವೆಯಾಗಿ ಬಂದು ಇಷ್ಟು ವರ್ಷವಾದರೂ ಆ ನಿಶ್ಶಬ್ದ ನನಗೆ ಒಗ್ಗಿಲ್ಲ. ಅವು ಏನನ್ನೋ ಕೇಳಿಸಿಕೊಳ್ಳುತ್ತಿವೆ ಅನಿಸುತ್ತದೆ.

ಅತ್ತೆ ಕಲಿಸಿದ ಕಟ್ಟುಪಾಡು ಒಂದಿದೆ. ಜ್ವರದ ಹೊತ್ತಲ್ಲಿ ಹೊರಗಿನವರು ಬಂದು ಏನೇ ಕೇಳಲಿ, ಒಳಗೆ ಯಾರೂ ಇಲ್ಲ ಅನ್ನಬೇಕು. ಒಳಗಿದ್ದವರು ಓಗೊಡಬಾರದು. ಕಣ್ಣು ಬೀಳುತ್ತದಂತೆ. ನನಗೆ ಅದರಲ್ಲಿ ಅಂಥ ನಂಬಿಕೆಯೇನೂ ಇರಲಿಲ್ಲ, ಆದರೆ ಬಾಯಿಗೆ ರೂಢಿಯಾಗಿತ್ತು.

ಹೋದ ವರ್ಷ ಆಫ್ರಿಕಾದಿಂದ ರೇಷ್ಮೆ ಓದಲು ಬಂದ ಹುಡುಗಿಯೊಬ್ಬಳು ಹುಳದ ಮನೆಗೆ ಅಂಟಿಕೊಂಡ ಕೋಣೆಯಲ್ಲಿದ್ದಳು. ನನಗಿಂತ ಅಚ್ಚುಕಟ್ಟಾಗಿ ಸೊಪ್ಪು ಹರಡುತ್ತಿದ್ದಳು, "ಒಸಿ ತಡೀರಿ" ಅಂತ ನನ್ನನ್ನೇ ಗದರುತ್ತಿದ್ದಳು. ಅಷ್ಟರಲ್ಲಿ ವಿದೇಶಿ ವಿದ್ಯಾರ್ಥಿಗಳ ವೀಸಾ ನಿಯಮ ಬಿಗಿಯಾಯಿತು. ಹೇಳದೆ ಕೇಳದೆ ತಪಾಸಣೆಗೆ ಬರುತ್ತಾರೆ. ಕೊಟ್ಟ ವಿಳಾಸದಲ್ಲಿ ವಾಸವಿಲ್ಲ ಅಂತಾದರೆ ವೀಸಾ ಮುಂದುವರಿಯುವುದಿಲ್ಲ. ಅವಳ ಓದು ಮುಗಿಯಲು ಇನ್ನೊಂದು ವರ್ಷ ಬೇಕಿತ್ತು.

ತಪಾಸಣೆಯವನು ಬಂದದ್ದು ನಾಲ್ಕನೇ ಜ್ವರದ ದಿನ, ಮಟಮಟ ಮಧ್ಯಾಹ್ನ. ನಾನು ಬಾಗಿಲಲ್ಲಿ ಸುಣ್ಣದ ಪುಡಿ ಉದುರಿಸುತ್ತಿದ್ದೆ. ಹೊರದೇಶದ ಹುಡುಗಿ ಇಲ್ಲಿದ್ದಾಳೇನಮ್ಮ ಅಂದ. ತಲೆ ಎತ್ತದೆಯೇ ಹೇಳಿದೆ.

"ಒಳ್ಗೆ ಯಾರೂ ಇಲ್ಲ ಕಣಪ್ಪ."

ಆಡಿದ್ದು ನನ್ನ ತಲೆಗೆ ಹೋಗುವಷ್ಟರಲ್ಲಿ ಅವನು ಬರೆದುಕೊಂಡು, ಬೈಕು ಹತ್ತಿ, ತಿರುವು ದಾಟಿದ್ದ. ಹಿಂದೆ ನೋಡಿದರೆ ಬಲೆಯ ಪರದೆಯಾಚೆ ಅವಳು ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ನಮ್ಮ ಕಟ್ಟುಪಾಡನ್ನು ಅಷ್ಟು ಚೆನ್ನಾಗಿ ಕಲಿತಿದ್ದಳು, ಬಾಯಿ ಬಿಟ್ಟಿರಲಿಲ್ಲ.

ಅವಳ ಜೊತೆ ಓದುವವರು ರಾಮನಗರದ ಕಚೇರಿ ಮುಂದೆ ಈ ನಿಯಮ ಬೇಡ ಅಂತ ಫಲಕ ಹಿಡಿದು ಕೂತರು. ನಾನೂ ಬಸ್ಸು ಹತ್ತಿ ಹೋಗಿ ಕೂತೆ. ಒಳಗೆ ಹೋಗಿ, ಸುಳ್ಳು ಹೇಳಿದ್ದು ನಾನು, ಹುಡುಗಿ ಒಳಗೇ ಇದ್ದಳು ಅಂದೆ. ಅಧಿಕಾರಿ ಸಿಡುಕಲೂ ಇಲ್ಲ. ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದ: ವಿಳಾಸದಲ್ಲಿ ಯಾರೂ ವಾಸವಿಲ್ಲ. ಮರುತಪಾಸಣೆಗೆ ಅರ್ಜಿ ಕೊಡಿ, ಸರದಿ ಬಂದಾಗ ಬರುತ್ತಾರೆ ಅಂದ. ಬಾಗಿಲಲ್ಲಿ ನಿಂತವಳ ಒಂದು ಮಾತಿಗೆ ಹುಡುಗಿಯ ಓದು ಕಿತ್ತುಕೊಳ್ಳುವುದು ಅದೆಂಥ ನಿಯಮ? ನನ್ನ ಮೊದಲ ಮಾತು ನಂಬಿದವರಿಗೆ ಎರಡನೆಯದು ಯಾಕೆ ಬೇಡ?

ಸರದಿ ಬರುವ ಮೊದಲೇ ವೀಸಾ ಮುಗಿಯಿತು. ಹೊರಡುವ ದಿನವೂ ಸೊಪ್ಪು ಹಾಕಿಯೇ ಹೋದಳು. ಹುಳದ ಮನೆಗೆಂದು ಇಟ್ಟುಕೊಂಡಿದ್ದ ಅವಳ ನೀಲಿ ಚಪ್ಪಲಿ ಬಾಗಿಲಲ್ಲೇ ಉಳಿಯಿತು. ನಾನು ತೆಗೆಯಲಿಲ್ಲ.

ಮುಂದಿನ ಹುಳದ ಬೆಳೆಯ ನಾಲ್ಕನೇ ಜ್ವರದ ಮಧ್ಯಾಹ್ನ ಅದೇ ಬೈಕು ಬಂತು. ಮರುತಪಾಸಣೆಯಂತೆ. ಅವಳು ಹೋದ ಸುದ್ದಿ ಅವನ ಕಾಗದಕ್ಕೆ ಇನ್ನೂ ಮುಟ್ಟಿರಲಿಲ್ಲ. ಹುಡುಗಿ ಇದ್ದಾಳಾ ಅಂದ.

"ಒಳ್ಗೇ ಅವ್ಳೆ," ಅಂದೆ.

ಚಪ್ಪಲಿ ನೋಡಿದ, ಕರೆಯಿರಿ ಅಂದ. ಹೆಸರು ಹಿಡಿದು ಕರೆದೆ. ಪರದೆಯಾಚೆ ಹುಳಗಳೆಲ್ಲ ತಲೆ ಎತ್ತಿಕೊಂಡಿದ್ದವು. ಅವನು ಪೆನ್ನು ಹಿಡಿದು ಕಾದ. ನಾನೂ ಕಾದೆ, ನಿಜವಾಗಿಯೂ ಕಾದೆ.

"ಹುಳಕ್ಕೆ ಜ್ವರ ಬಂದೈತೆ," ಅಂದೆ ಕೊನೆಗೆ. "ಈಗ ಅವ್ಳು ಓಗೊಡಾಕಿಲ್ಲ."